ಸ್ಟೇಷನ್ ರೋಡಿನ ತಿರುವು

ಪ್ರೊಜೆಕ್ಟರಿನ ಬೆಳಕಿನಲ್ಲಿ ನಿಂತಿದ್ದ ಆ ಯುವಕ ಬಹಳ ಚೆನ್ನಾಗಿ ಮಾತಾಡುತ್ತಿದ್ದ. ಶಾಮಲಾಳಿಗೆ ಸಿಟ್ಟು ತರಿಸಿದ್ದೇ ಅದು.

2003ರ ಮಾತು. ಹೈಟೆಕ್ ಸಿಟಿಯ ಕಡೆ ದಿನ ಬೆಳಗಾದರೆ ಒಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಅಲ್ಲಿ ಕೆಲಸ ಸಿಕ್ಕವರು ಮನೆ ಹುಡುಕಿಕೊಂಡು ಮಲ್ಕಾಜ್‌ಗಿರಿಯವರೆಗೂ ಬರತೊಡಗಿದ್ದರು. ರೈಲ್ವೆ ನೌಕರರ ಈ ಸಣ್ಣ ಊರಿನ ಸ್ಟೇಷನ್ ಮುಂದಿನ ಬಜಾರು ಆ ಜನಸಂದಣಿಗೆ ಸಾಲುತ್ತಿರಲಿಲ್ಲ. ಅದನ್ನು ಹೇಗೆ ಬದಲಿಸಬೇಕೆಂದು ಊರವರನ್ನೇ ಕೇಳೋಣ ಎಂದು ಪುರಸಭೆಯವರು ಫಂಕ್ಷನ್ ಹಾಲಿನಲ್ಲಿ ಸಭೆ ಕರೆದಿದ್ದರು. ನಕ್ಷೆ ಮಾಡಲು ನೇಮಿಸಿದ್ದ ಕಂಪನಿ ಈ ಯುವಕನನ್ನು ಕಳಿಸಿತ್ತು.

ಅವನು ಇಂಗ್ಲಿಷಿನಲ್ಲಿ ಶುರು ಮಾಡಿ ತೆಲುಗಿಗೆ ಹೊರಳಿದ. ತೆರೆಯ ಮೇಲೆ ಕಾರಂಜಿ, ಕಲ್ಲುಹಾಸು, ಯಾವುದೋ ದೇಶದ ಬೀದಿಯಲ್ಲಿ ಕಾಫಿ ಕುಡಿಯುತ್ತಿರುವ ಜನ.

ಮೊದಲ ಸಾಲಿನಲ್ಲಿ ಕೂತಿದ್ದ ಶಾಮಲಾ ಪಕ್ಕದ ಅವ್ವನ ಕಿವಿಗೆ ಬಾಗಿದಳು. "ಮಾತು ಭಾಳ ಚೊಲೋ ಅದಾವ. ನಮ್ಮ ಸ್ಟೇಷನ್ ರೋಡಿನ್ಯಾಗ ಒಂದ ದಿನಾನೂ ಅಡ್ಡಾಡಿಲ್ಲ ಅನಸ್ತೈತಿ. ಮಾರಿ ಮಾತ್ರ ಸಿನಿಮಾ ಪೋಸ್ಟರ್ ಹಂಗ ಐತಿ ನೋಡು."

ಯುವಕ ಮಾತು ನಿಲ್ಲಿಸಿದ. ಮೈಕನ್ನು ಸ್ವಲ್ಪ ಕೆಳಗಿಳಿಸಿ ಅವಳ ಕಡೆಗೇ ತಿರುಗಿದ.

"ಮಾರಿ ಬಗ್ಗೆ ನಾ ಏನೂ ಮಾಡಾಕ ಬರಂಗಿಲ್ರಿ. ಆದ್ರ ರೋಡ್ ತೋರಸ್ತೀನಿ ಅಂದ್ರ ನಾಳೆ ಮುಂಜಾನೇನ ಬರ್ತೀನಿ."

ಹಾಲಿನಲ್ಲಿದ್ದ ಕನ್ನಡದ ರೈಲ್ವೆ ಮಂದಿಯೆಲ್ಲ ಗೊಳ್ಳೆಂದು ನಕ್ಕರು. ಶಾಮಲಾಳ ಕೆನ್ನೆಗೆ ರಕ್ತ ನುಗ್ಗಿತು. ಅವ್ವ ಶರಣಬಸಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ನಮ್ಮ ಕಡೀ ಹುಡುಗಾನ ಅದಾನಲ್ಲ!" ಎಂದಳು, ಹಿಂದಿನ ಸಾಲಿಗೂ ಕೇಳಿಸುವಂತೆ.

*

ಮರುದಿನ ಬೆಳಿಗ್ಗೆ ಅವನು ನಿಜವಾಗಿಯೂ ಬಂದ. ನಗರದ ಇನ್ನೊಂದು ತುದಿಯ ಮೆಹದಿಪಟ್ಟಣಂನಲ್ಲಿದ್ದ ಮನೆಯಿಂದ ಬಸ್ಸು ಬದಲಿಸಿ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ ಅಷ್ಟರಲ್ಲೇ ಮುದುಡಿತ್ತು. ಹೆಸರು ರವಿಕಿರಣ. ಮೂಲ ಬಾಗಲಕೋಟೆ. ತಂದೆ ಇಲ್ಲಿ ಡಿಫೆನ್ಸ್ ಫ್ಯಾಕ್ಟರಿಯಲ್ಲಿದ್ದು ನಿವೃತ್ತರಾದವರು.

"ನಾ ಶಾಮಲಾ. ಹಲ್ಲಿನ ಡಾಕ್ಟರ್," ಎಂದಳು ಅವಳು. "ನಿನ್ನೆ ಅಂದದ್ದಕ್ಕ..."

"ಯಾವುದಕ್ಕ? ರೋಡಿಗೋ, ಮಾರಿಗೋ?"

"ರೋಡಿಗೆ ಅಂದದ್ದು ಖರೇನ ಐತಿ," ಎಂದು ಅವಳು ಮುಂದೆ ನಡೆದಳು. ಹಿಂದಿನಿಂದ ಅವನು ನಕ್ಕಿದ್ದು ಕೇಳಿಸಿತು. ಹಿತವಾದ ನಗೆ.

ಸ್ಟೇಷನ್ ಎದುರಿನ ಅಡ್ಡಾದಲ್ಲಿ ಕೂಲಿಯವರು ಗುಂಪಾಗಿ ನಿಂತಿದ್ದರು. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ದಿನಾ ಬೆಳಿಗ್ಗೆ ಮೇಸ್ತ್ರಿ ಬಂದು ಕರೆಯುವವರೆಗೆ ಅಲ್ಲೇ ಕಾಯಬೇಕು. ಅವರಲ್ಲಿ ಗದಿಗೆಮ್ಮ ಶಾಮಲಾಳ ಪರಿಚಯದವಳು.

"ಇವ್ರು ಬಜಾರಿನ ನಕ್ಷಾ ಮಾಡೋ ಸಾಹೇಬ್ರು. ನಿಂಗೇನ ಬೇಕು ಹೇಳಬೇ," ಎಂದಳು ಶಾಮಲಾ.

ಗದಿಗೆಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಮ್ಮನ್ನೂ ಕೇಳ್ತೀರೇನ್ರಿ? ನೆಳ್ಳು ಬೇಕ್ರಿ. ಮತ್ತ ಹೆಣಮಕ್ಕಳಿಗೆ ಒಂದು ಪಾಯಖಾನಿ. ಬೆಳಕ ಹರದಮ್ಯಾಲ ಎಲ್ಲಿಗ್ ಹೋಗೂಣ್ರಿ ನಾವು?"

ರವಿಕಿರಣನ ಮುಖದ ತುಂಟತನ ಹೋಗಿತ್ತು. "ನಿನ್ನಿ ಮೀಟಿಂಗಿಗೆ ಇವ್ರನ್ನ ಯಾರೂ ಕರದಿಲ್ಲ," ಎಂದ ಮೆಲ್ಲಗೆ. "ಮುಂದಿನ ಸಲ ಮೊದಲ ಸಾಲು ಇವ್ರದ ಆಗಬೇಕು."

ಮಾತು ಮಾತಿಗೆ ತಮಾಷೆ ಮಾಡುವ ಮನುಷ್ಯ ಇಷ್ಟು ಬೇಗ ಗಂಭೀರನಾಗಬಲ್ಲ ಎಂದು ಅವಳು ಎಣಿಸಿರಲಿಲ್ಲ. ಅವಳಿಗೆ ಅದು ಇಷ್ಟವಾಯಿತು.

ಮುಂದೆ ರಸ್ತೆ ಎಡಕ್ಕೆ ತಿರುಗುವಲ್ಲಿ ಅವಳು ನಿಂತಳು. ಹಳೆಯ ಕಟ್ಟಡವೊಂದರ ಮೆಟ್ಟಿಲು ಮೋರಿಯ ಮೇಲೆ ಹಾದು ರಸ್ತೆಗೇ ಚಾಚಿಕೊಂಡಿತ್ತು. ಶಾಲೆಯ ಮಕ್ಕಳು ಅದನ್ನು ಬಳಸಿ ರಸ್ತೆಗಿಳಿಯಬೇಕು. ಎದುರಿಗೆ ಸ್ಕೂಟರು, ಆಟೋ.

"ಮುಂದಿನ ಹಲ್ಲು ಮುರಕೊಂಡು ನನ್ನ ಕಡೆ ಬರೋ ಹುಡುಗ್ರೆಲ್ಲಾ ಇಲ್ಲೇ ಬಿದ್ದವ್ರು."

"ಯಾರದ್ರಿ ಈ ಮೆಟ್ಟಲಾ? ಕಟ್ಟಿಸಿದವ್ರಿಗೆ ಬುದ್ಧಿ ಇಲ್ಲೇನು?"

"ಕಟ್ಟಿಸಿದವ್ರು ಮಾಲಕರು. ಹತ್ತಿ ಇಳಿಯೋದು ನಾನು," ಎಂದು ಅವಳು ಮೇಲಿನ ಬೋರ್ಡು ತೋರಿಸಿದಳು. ಅದರ ಮೇಲೆ ಅವಳದೇ ಹೆಸರಿತ್ತು.

ಈ ಸಲ ಮುಖ ಕೆಂಪಾದದ್ದು ಅವನದು.

*

ಮುಂದಿನ ಸಭೆಯಲ್ಲಿ ಪ್ರೊಜೆಕ್ಟರ್ ಇರಲಿಲ್ಲ. ಹಾಲಿನ ನೆಲದ ತುಂಬ ಬಜಾರಿನ ನಕ್ಷೆ ಹಾಸಿದ್ದ ರವಿಕಿರಣ. ಬಳೆ ಅಂಗಡಿಯ ಸತ್ಯಭಾಮಾ ಮಾರಾಟವಾಗದೆ ಉಳಿದಿದ್ದ ಬಳೆಗಳನ್ನು ಬುಟ್ಟಿಗಟ್ಟಲೆ ತಂದು ಸುರಿದಿದ್ದಳು. ಉಳಿಯಬೇಕಾದ ಕಡೆ ಹಸಿರು ಬಳೆ, ಬದಲಾಗಬೇಕಾದ ಕಡೆ ಕೆಂಪು ಬಳೆ. ಅಷ್ಟೇ ನಿಯಮ.

ಮೊದಲು ಎಲ್ಲರೂ ನಾಚಿಕೊಂಡರು. ಆಮೇಲೆ ಗದಿಗೆಮ್ಮ ಎದ್ದು ಅಡ್ಡಾದ ಮೇಲೆ ಒಂದು ಕೆಂಪು ಬಳೆ ಇಟ್ಟಳು. ಅಲ್ಲಿಂದ ಸಭೆ ಗಿಜಿಗುಟ್ಟಿತು. ತೆಲುಗು, ಹಿಂದಿ, ಕನ್ನಡ ಎಲ್ಲ ಕಲಸಿ ಜಗಳ. ಹಣ್ಣಿನ ಗಾಡಿಗಳು ಹೋಗಲಿ ಎಂದು ಒಬ್ಬರು ಕೆಂಪು ಇಟ್ಟರೆ ಮತ್ತೊಬ್ಬರು ಅದನ್ನೆತ್ತಿ ಹಸಿರು ಇಟ್ಟರು. ಬೇವಿನ ಮರದ ಸುತ್ತ ಮಾತ್ರ ಬರೀ ಹಸಿರು.

ಶಾಮಲಾ ಬಹಳ ಹೊತ್ತು ಒಂದು ಕೆಂಪು ಬಳೆಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತಿದ್ದಳು. ಆಮೇಲೆ ಮಂಡಿಯೂರಿ ಕೂತು ತನ್ನ ಕ್ಲಿನಿಕ್ಕಿನ ತಿರುವಿನಲ್ಲಿ ಇಟ್ಟಳು.

ಪಕ್ಕದಲ್ಲಿ ಅವನೂ ಮಂಡಿಯೂರಿದ. "ಖರೇನಾ?" ಎಂದ, ಅವಳಿಗಷ್ಟೇ ಕೇಳುವಂತೆ.

"ಹುಡುಗ್ರು ಬೀಳಾಕತ್ತಾರಲ್ರಿ."

ಅವಳು ಕತ್ತೆತ್ತಿದಾಗ ಅವನ ಕಣ್ಣು ತೀರ ಹತ್ತಿರವಿದ್ದವು. ರೆಪ್ಪೆಗಳು ಹುಡುಗಿಯರ ರೆಪ್ಪೆಗಳಷ್ಟು ಉದ್ದ. ಅವನು ನೋಟ ತೆಗೆಯಲಿಲ್ಲ. ಅವಳೂ ತೆಗೆಯಲಿಲ್ಲ. ಯಾರೋ ನಡುವೆ ಕೈಚಾಚಿ ಅದೇ ತಿರುವಿನಲ್ಲಿ ಇನ್ನೊಂದು ಕೆಂಪು ಬಳೆ ಇಟ್ಟರು. ಮತ್ತೊಬ್ಬರು ಮತ್ತೊಂದು.

*

ಕೆಲವು ದಿನಗಳ ನಂತರ ಅವನು ಕೆನ್ನೆ ಹಿಡಿದುಕೊಂಡು ಕ್ಲಿನಿಕ್ಕಿಗೆ ಬಂದ. ದವಡೆ ಹಲ್ಲು ನೋಯುತ್ತಿತ್ತು.

"ಮೆಹದಿಪಟ್ಟಣಂನ್ಯಾಗ ಹಲ್ಲಿನ ಡಾಕ್ಟರ್ ಇಲ್ಲೇನ್ರಿ?"

"ಭಾಳ ಮಂದಿ ಅದಾರ. ಅವ್ರಿಗೆ ತೋರಸಾಕ ಹಲ್ಲು ಒಪ್ಪವಲ್ದು."

"ಬಾಯಿ ತಗೀರಿ," ಎಂದಳು ನಗು ಕಚ್ಚಿಕೊಂಡು. ಹುಳುಕು ಸಣ್ಣದೇ. ತುಂಬುತ್ತ ತುಂಬುತ್ತ, ಅವನಿಗೆ ಮಾತಾಡಲಾಗದೆಂಬ ಧೈರ್ಯದಲ್ಲಿ, ಕೇಳಬೇಕಾದ್ದನ್ನೆಲ್ಲ ಕೇಳಿದಳು. ಅಡಿಗಿ ಯಾರು ಮಾಡ್ತಾರ? ಅವನು ತನ್ನ ಎದೆ ಮುಟ್ಟಿಕೊಂಡ. ರೊಟ್ಟಿ ಬಡೀತೀರಾ? ಕೈಯಾಡಿಸಿ, ಹೇಗೋ ಆಗುತ್ತದೆ ಎಂದು ಸನ್ನೆ ಮಾಡಿದ. ಮನ್ಯಾಗ ಹುಡುಗಿ ನೋಡಾಕತ್ತಾರೇನು? ಅವನು ಎರಡೂ ಕಣ್ಣು ಅವಳ ಮೇಲಿಟ್ಟು ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ಅವಳಿಗೆ ತಿಳಿಯಲಿಲ್ಲ.

ಏಳುವಾಗ ಅವನು ಕೋಣೆಯನ್ನೆಲ್ಲ ನಿಧಾನವಾಗಿ ನೋಡಿದ. ಕಿಟಕಿಯಾಚೆ ಸ್ಟೇಷನ್, ಮಕ್ಕಳಿಗೆಂದು ಗೋಡೆಗೆ ಅಂಟಿಸಿದ ಬಣ್ಣದ ಚಿತ್ರಗಳು. "ಈ ಮೆಟ್ಟಲಾ ಒಡದ್ರ ನೀವು ಇಲ್ಲಿಗೆ ಹೆಂಗ ಬರ್ತೀರಿ?"

"ಬ್ಯಾರೆ ಜಾಗಾ ನೋಡಬೇಕು. ಸಿಗದಿದ್ರ ನಾರಾಯಣಗೂಡದಾಗ ನಮ್ಮ ಕಾಲೇಜಿನ ಮೇಡಂ ಕ್ಲಿನಿಕ್ಕಿಗೆ ಹೋಗೋದು. ಭಾಳ ದಿನದಿಂದ ಕರ್ಯಾಕತ್ತಾರ."

ಕೆಳಗಿಳಿಯುವಾಗ ಅವನು ಒಂದೊಂದೇ ಮೆಟ್ಟಿಲಲ್ಲಿ ನಿಂತು ನಿಂತು ಇಳಿದ.

*

ನಕ್ಷೆ ಸಿದ್ಧವಾಗಿ, ಒಪ್ಪಿಗೆಗಾಗಿ ಫಂಕ್ಷನ್ ಹಾಲಿನ ಗೋಡೆಯ ಮೇಲೆ ಬಂತು. ಅಡ್ಡಾಕ್ಕೆ ಚಪ್ಪರ, ಅದರ ಹಿಂದೆ ಹೆಂಗಸರ ಶೌಚಾಲಯ. ಬೇವಿನ ಮರದ ಸುತ್ತ ಕಟ್ಟೆ. ಹಣ್ಣಿನ ಗಾಡಿಗಳಿಗೆ ಬೇರೆ ಜಾಗ. ಎರಡೂ ಬದಿಗೆ ಅಗಲವಾದ ಫುಟ್‌ಪಾತ್. ಜನ ಬೆರಳಿಟ್ಟು ತೋರಿಸಿಕೊಳ್ಳುತ್ತಿದ್ದರು. ಗದಿಗೆಮ್ಮ ಮೊದಲ ಸಾಲಿನಲ್ಲಿ ಕೂತಿದ್ದಳು.

ಶಾಮಲಾ ನಕ್ಷೆಯ ಹತ್ತಿರ ಹೋದಳು. ಫುಟ್‌ಪಾತಿನ ಗೆರೆ ಸ್ಟೇಷನ್ನಿನಿಂದ ನೆಟ್ಟಗೆ ಬಂದು, ಅವಳ ತಿರುವಿನಲ್ಲಿ ತಟ್ಟನೆ ಬಳುಕಿ, ಮೆಟ್ಟಿಲನ್ನು ಸುತ್ತುಹಾಕಿ ಮುಂದೆ ಹೋಗಿತ್ತು.

ಅವಳ ಎದೆ ಒಂದು ಕ್ಷಣ ಬೆಚ್ಚಗಾಯಿತು. ನನಗಾಗಿ! ಮರುಕ್ಷಣವೇ ಆ ಮೂಲೆಯಲ್ಲಿ ಬಿದ್ದು, ರಕ್ತ ಸೋರುವ ಬಾಯಿ ಹಿಡಿದು ಬಂದಿದ್ದ ಒಬ್ಬ ಹುಡುಗಿ ನೆನಪಾದಳು.

ಅವಳು ಎಲ್ಲರಿಗೂ ಕೇಳುವಂತೆ ತೆಲುಗಿನಲ್ಲಿ ಕೇಳಿದಳು, ಈ ಗೆರೆ ಇಲ್ಲಿ ಯಾಕೆ ಡೊಂಕಾಗಿದೆ ಎಂದು. ಬಳೆ ಇಟ್ಟವರಿಗೆಲ್ಲ ನೆನಪಿತ್ತು.

ರವಿಕಿರಣ ಮುಂದೆ ಬಂದ. ತಾಂತ್ರಿಕ ಕಾರಣ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಹೇಳಲಿಲ್ಲ. "ಅದು ನನ್ನ ತಪ್ಪು. ನೀವು ಹೇಳಿದ್ದನ್ನು ನಾನು ಬದಲಿಸಬಾರದಿತ್ತು. ನೆಟ್ಟಗೆ ಮಾಡಿ ಮತ್ತೆ ನಿಮ್ಮ ಮುಂದೆ ತರುತ್ತೇವೆ," ಎಂದ ತೆಲುಗಿನಲ್ಲಿ. ಅವನ ಕಿವಿ ಕೆಂಪಾಗಿದ್ದವು.

ಹೊರಗೆ, ಚಪ್ಪಲಿಗಳ ರಾಶಿಯ ಹತ್ತಿರ, ಅವಳು ಅವನನ್ನು ತಡೆದಳು.

"ನಾಳೆ ಈ ಬಜಾರದಾಗ ನಾ ಹೆಂಗ ತಲಿ ಎತ್ತಿ ಅಡ್ಡಾಡ್ಲಿ? ಡಾಕ್ಟರ್ ತನ್ನ ಮೆಟ್ಟಲಾ ಉಳಸ್ಕೊಂಡ್ಳು ಅಂತಾರ."

"ನೀವು ನಾರಾಯಣಗೂಡಕ್ಕ ಹೋಗ್ತೀನಿ ಅಂದ್ರಿ," ಎಂದ ಅವನು. ಧ್ವನಿ ಒಡೆದಿತ್ತು. "ನೀವಿಲ್ಲದ ಬಜಾರ ಕಟ್ಟಾಕ ನನ್ನ ಕೈ ಬರ್ಲಿಲ್ಲ."

ಆದರೂ ಅವಳು ಹೇಳಿದಳು, "ಮನಸ್ಸಿನ್ಯಾಗ ಏನರ ಇದ್ರ ನನ್ನ ಮುಂದ ಹೇಳ್ಬೇಕಿತ್ರಿ. ಊರ ನಕ್ಷಾದಾಗ ಬರೀಬಾರದಿತ್ತು."

ಹಾಗೆಂದು ಹೊರಟುಬಿಟ್ಟಳು. ಮನೆಗೆ ಹೋಗಿ ಅಡುಗೆಮನೆಯಲ್ಲಿ ಅವ್ವನ ಬೆನ್ನಿಗೆ ಹಣೆಯಾನಿಸಿ ಅತ್ತಳು. ಶರಣಬಸಮ್ಮ ಒಲೆಯ ಉರಿ ಸಣ್ಣ ಮಾಡಿ, "ತಪ್ಪು ಮಾಡ್ಯಾನ, ಹೌದು. ಸುಳ್ಳು ಹೇಳ್ಲಿಲ್ಲಲ್ಲ?" ಎಂದಷ್ಟೇ ಹೇಳಿದಳು.

*

ಆಮೇಲೆ ಬಹಳ ದಿನ ಅವನು ಬರಲಿಲ್ಲ. ತಿದ್ದಿದ ನಕ್ಷೆಯನ್ನು ಕಂಪನಿಯ ಬೇರೊಬ್ಬರು ತಂದರು. ಆ ತಿರುವನ್ನು ತಾನು ಬರೆಯುವುದು ಸರಿಯಲ್ಲ, ತನ್ನ ಮನಸ್ಸು ಅಲ್ಲಿ ಪಕ್ಷಪಾತಿ ಎಂದು ರವಿಕಿರಣನೇ ಮೇಲಿನವರಿಗೆ ಹೇಳಿ ಆ ಕೆಲಸ ಬಿಟ್ಟುಕೊಟ್ಟನಂತೆ. ಅದನ್ನು ಕೇಳಿದ ದಿನ ಶಾಮಲಾ ಎರಡು ಸಲ ಫೋನೆತ್ತಿ ಎರಡು ಸಲವೂ ಇಟ್ಟಳು.

ಮೆಟ್ಟಿಲು ಒಡೆಯುವ ಮೊದಲೇ ಜಾಗದ ಚಿಂತೆ ತೀರಿತು. ಸತ್ಯಭಾಮಾ ಬಂದು, "ಡಾಕ್ಟರಮ್ಮಾ, ನನ್ನ ಅಂಗಡಿ ಪಕ್ಕದ ಗೋದಾಮು ಸುಮ್ಮನೆ ಬಿದ್ದಿದೆ," ಎಂದು ತೆಲುಗಿನಲ್ಲಿ ಹೇಳಿ ಬೀಗದ ಕೈ ಮುಂದಿಟ್ಟಳು. ರಸ್ತೆಗೆ ಸಮನಾದ ಕೋಣೆ. ಮಂಡಿನೋವಿನ ಮುದುಕರು ಇನ್ನು ಏದುಸಿರು ಬಿಡಬೇಕಿಲ್ಲ. ಬಣ್ಣದ ಚಿತ್ರಗಳನ್ನು ಹೊಸ ಗೋಡೆಗೆ ಅಂಟಿಸುವಾಗ ಅವಳಿಗೆ ಇದನ್ನೆಲ್ಲ ಯಾರಿಗೆ ತೋರಿಸಬೇಕೆನಿಸುತ್ತಿದೆಯೆಂದು ಗೊತ್ತಿತ್ತು.

ಹೊಸ ವ್ಯವಸ್ಥೆ ಹೇಗಿರುತ್ತದೆಂದು ನೋಡಲು ಒಂದು ಭಾನುವಾರ ಸ್ಟೇಷನ್ ರೋಡಿಗೆ ವಾಹನ ಬಿಡಬಾರದೆಂದು ಊರವರೇ ತೀರ್ಮಾನಿಸಿದರು. ಆ ಬೆಳಿಗ್ಗೆ ಹಾರ್ನಿಲ್ಲದ ರಸ್ತೆಯಲ್ಲಿ ಕೊತ್ತಂಬರಿ ಮಾರುವವರ ಕೂಗು ಬೇರೆಯೇ ಆಗಿ ಕೇಳುತ್ತಿತ್ತು. ಮಕ್ಕಳು ನಡುರಸ್ತೆಯಲ್ಲಿ ಕುಂಟಾಬಿಲ್ಲೆ ಗೆರೆ ಎಳೆದಿದ್ದರು. ಹೆಂಗಸರು ಮನೆಯಿಂದ ಕುರ್ಚಿ ತಂದು ಹಾಕಿಕೊಂಡು ಕೂತಿದ್ದರು.

ಜನರ ನಡುವೆ ಅವನು ನಡೆದು ಬರುತ್ತಿದ್ದ. ಬಗಲಲ್ಲಿ ನಕ್ಷೆಯ ಸುರುಳಿಯಿಲ್ಲ, ಕೈಯಲ್ಲಿ ಏನೂ ಇಲ್ಲ. ಸ್ವಲ್ಪ ಸೊರಗಿದ್ದ. ಅವಳ ಹೊಸ ಬಾಗಿಲಿನ ಮುಂದೆ ನಿಂತ.

"ಹೊಸಾ ಜಾಗಾ ಚೊಲೋ ಐತಿ," ಎಂದ.

"ಒಳಗ ಬಂದು ನೋಡ್ರಿ."

"ಒಂದು ಮಾತು ಹೇಳಿ ಬರ್ತೀನಿ. ಆಮ್ಯಾಲ ನೀವ ಬ್ಯಾಡ ಅಂದ್ರ ಹೋಗ್ತೀನಿ." ಅವನು ಉಸಿರೆಳೆದುಕೊಂಡ. "ನಿಮ್ಮನ್ನ ಕಂಡ್ರ ನನಗ ಭಾಳ ಪ್ರೀತಿ. ಮದುವಿ ಆಗಬೇಕಂತ ಆಸೆ ಐತಿ. ಇಷ್ಟ."

ಸುತ್ತ ಬಜಾರು ತನ್ನ ಪಾಡಿಗೆ ಗದ್ದಲ ಮಾಡುತ್ತಿತ್ತು. ಶಾಮಲಾ ಏಪ್ರನ್ನಿನ ಜೇಬಿನೊಳಗೆ ಕೈಗಳನ್ನು ಬಿಗಿಹಿಡಿದಳು.

"ನಾ ಮೆಹದಿಪಟ್ಟಣಂಗ ಬರಂಗಿಲ್ಲ. ಈಗಷ್ಟ ಜಾಗಾ ಹಿಡದೀನಿ."

"ನಾ ಇಲ್ಲೇ ಬರ್ತೀನಿ."

"ನಿಮ್ಮ ತಪ್ಪು ಕಂಡ್ರ ಮಂದಿ ಮುಂದನ ಕೇಳ್ತೀನಿ."

"ಕೇಳ್ರಿ. ಕೇಳೋವ್ರು ಒಬ್ಬರು ಬೇಕ ನನಗ."

ಅವಳಿಗೆ ಇನ್ನು ತಡೆಯಲಾಗಲಿಲ್ಲ. ನಕ್ಕಳು, ನಗುತ್ತಲೇ ಕಣ್ಣು ತುಂಬಿದವು. ಜೇಬಿನಿಂದ ಕೈ ತೆಗೆದು ಅವನ ತೋಳು ಹಿಡಿದು ಹೊಸ್ತಿಲೊಳಗೆ ಎಳೆದುಕೊಂಡಳು. ಬಳೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಸತ್ಯಭಾಮಾ ತಟ್ಟನೆ ಬೇರೆ ಕಡೆ ನೋಡಿದಳು.

ಅಷ್ಟರಲ್ಲಿ ರಸ್ತೆಯಾಚೆಯ ಕುರ್ಚಿಯಿಂದ ಎದ್ದು ಶರಣಬಸಮ್ಮ ಬಂದಳು. ಮಗಳ ಮುಖ ನೋಡಿದಳು, ಅವನ ತೋಳಿನ ಮೇಲಿದ್ದ ಮಗಳ ಕೈಯನ್ನು ನೋಡಿದಳು, ಏನೂ ಕಾಣದವಳ ಹಾಗೆ ಸೆರಗು ಸರಿಪಡಿಸಿಕೊಂಡಳು.

"ಮನ್ಯಾಗ ಎಣಗಾಯಿ ಪಲ್ಯ ಮಾಡೀನ್ರಿ. ಇವತ್ತು ಊಟಕ್ಕ ಬರ್ತೀರೇನು?"

ರವಿಕಿರಣ ಬಾಯಿ ತೆರೆಯುವ ಮುಂಚೆ ಶಾಮಲಾ ಉತ್ತರ ಕೊಟ್ಟಳು.

"ಇವತ್ತೊಂದ ದಿನ ಯಾಕವ್ವ? ಇನ್ನ ಮ್ಯಾಲ ದಿನಾ ಬರ್ತಾರ."