ಅಳತೆಗೆ ಕೊಯ್ದ ಹಲಗೆ

ನೀಲಾವತಿಯ ಕಣ್ಣಿನಲ್ಲಿ ಏನೋ ದೋಷ ಉಂಟಂತೆ ಎಂಬ ಸುದ್ದಿ ಪಾಣೆಮಂಗಳೂರು ಪೇಟೆಯಲ್ಲಿ ಹುಟ್ಟಿದ್ದು ಅವಳ ಮನೆಯ ಓಣಿಯಿಂದ. ಅವಳ ಕಣ್ಣಿಗೂ ಆ ಸುದ್ದಿಗೂ ಏನೂ ಸಂಬಂಧ ಇರಲಿಲ್ಲ.

ಪೇಟೆಯ ಹಳೆಯ ಮನೆಗಳೆಲ್ಲ ಹಾಗೆಯೇ. ಬೀದಿಯಿಂದ ನೋಡಿದರೆ ಎರಡು ಬಾಗಿಲಿನಷ್ಟು ಅಗಲ, ಒಳಗೆ ಹೊಕ್ಕರೆ ಹಿತ್ತಿಲಿನವರೆಗೆ ಉದ್ದಕ್ಕೆ ಉದ್ದ. ಈಚೆ ಮನೆಯ ಗೋಡೆಯೇ ಆಚೆ ಮನೆಗೂ ಗೋಡೆ. ನಡುವಿನಲ್ಲಿ ಕಿಟಕಿ ಇಡೋಣವೆಂದರೆ ಅದು ಪಕ್ಕದ ಮನೆಯವರ ಮಂಚದ ತಲೆಗೇ ತೆರೆದೀತು. ವೇಣುಗೋಪಾಲ ಆಚಾರ್ಯರು ಎದುರಿನ ಚಾವಡಿಯಲ್ಲಿ ಚಿನ್ನದ ಕೆಲಸಕ್ಕೆ ಕೂರುತ್ತಿದ್ದರು. ಅಡುಗೆಮನೆ ಹಿಂದುಗಡೆ. ಎರಡಕ್ಕೂ ನಡುವೆ ಹದಿನೆಂಟು ಹೆಜ್ಜೆಯ ಒಂದು ಓಣಿ. ಅದರ ಮೇಲೆ ಮರದ ಮುಚ್ಚಿಗೆ, ಮುಚ್ಚಿಗೆಯ ಮೇಲೆ ಅಟ್ಟ, ಅಟ್ಟದ ಮೇಲೆ ಹಂಚು. ಆಚಾರ್ಯರ ಅಜ್ಜ ಕಟ್ಟಿಸಿದಂದಿನಿಂದ ಅಲ್ಲಿಗೆ ಸೂರ್ಯ ಬಂದದ್ದಿಲ್ಲ. ನಡು ಮಧ್ಯಾಹ್ನವೂ ಗೋಡೆ ಸವರಿಕೊಂಡೇ ನಡೆಯಬೇಕು.

ಹೆಣ್ಣು ನೋಡಲು ಬಂದವರು ಚಾವಡಿಯಲ್ಲಿ ಕೂರುತ್ತಾರೆ. ಸಂಜೆ ನಾಲ್ಕರ ಬಿಸಿಲು ಬೀದಿಯಿಂದ ನೇರ ಒಳಗೆ ಹೊಡೆಯುತ್ತದೆ. ಕಾಫಿ ಹಿಡಿದು ಆ ಕತ್ತಲೆಯಿಂದ ಹೊಸ್ತಿಲು ದಾಟಿದೊಡನೆ ನೀಲಾವತಿಯ ಕಣ್ಣು ಮುದುಡುತ್ತಿತ್ತು, ನೀರು ತುಂಬುತ್ತಿತ್ತು. ಮೊದಲು ಬಂದವರು ಹುಡುಗಿಗೆ ದೃಷ್ಟಿ ಕಡಿಮೆ ಎಂದರು. ಎರಡನೆಯವರು, ಅಳುತ್ತಾ ಬಂದಳು, ಮನಸ್ಸಿನಲ್ಲಿ ಬೇರೆ ಯಾರೋ ಇರಬೇಕು ಎಂದರು. ಮೂರನೆಯವರು ಬರುವ ಮೊದಲು ಆಚಾರ್ಯರು ಓಣಿಗೆ ಟ್ಯೂಬ್‌ಲೈಟ್ ಹಾಕಿಸಿದರು. ಅವರು ಬಂದು ಕೂತ ಗಳಿಗೆಗೇ ಕರೆಂಟು ಹೋಯಿತು. ಮೆಳ್ಳೆಗಣ್ಣು ಎಂದು ಹೇಳಿಕೊಂಡು ಅವರೂ ಹೋದರು.

ಸಾಸಿವೆಗಿಂತ ಸಣ್ಣ ಚಿನ್ನದ ಗುಂಡುಗಳನ್ನು ಕರಿಮಣಿಯ ನಡುವೆ ಒಂದೂ ತಪ್ಪದೆ ಪೋಣಿಸುವ ಹುಡುಗಿ ಅವಳು. ಅವಳಿಗೆ ನಗಬೇಕೋ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಮದುವೆ ಆಗಲಿಲ್ಲವೆಂಬ ಬೇಸರ ಅವಳಿಗಿರಲಿಲ್ಲ. ಇಪ್ಪತ್ತಾರು ವರ್ಷದ ತನ್ನನ್ನು ಮೂರು ಮನೆಯವರು ನೋಡಿ ಬೇಡವೆಂದರು, ತಾನು ಒಬ್ಬರನ್ನೂ ಸರಿಯಾಗಿ ನೋಡಲಿಲ್ಲವಲ್ಲ ಎಂಬುದೇ ಚುಚ್ಚುತ್ತಿತ್ತು.

ತಾಯಿ ಇಲ್ಲದ ಆ ಮನೆಯನ್ನು ನಡೆಸುತ್ತಿದ್ದವರು ಆಚಾರ್ಯರ ಅಕ್ಕ ಸೇಸತ್ತೆ. ಅವರು ಒಂದು ದಿನ ತಮ್ಮನ ಎದುರು ನಿಂತು ಹೇಳಿದರು. “ಹುಡುಗಿಗೆ ಏನೂ ಆಗಿಲ್ಲ ಮಾರಾಯ. ಕಾಯಿಲೆ ಓಣಿಗೆ. ಅದಕ್ಕೆ ಮೊದಲು ಮದ್ದು ಮಾಡುವ.”

ಹೀಗೆ ಮೂಡುಬಿದಿರೆಯ ಹತ್ತಿರದ ಮಿಜಾರಿನಿಂದ ಕೃಷ್ಣಕುಮಾರ ಬಂದ. ಮರದ ಕೆಲಸದ ಆಚಾರಿ. ಪಕ್ಕದ ಬಾವಾ ಅವರ ಜವಳಿ ಅಂಗಡಿಯ ಹಂಚಿನ ಮಾಡು ರಿಪೇರಿ ಮಾಡಿದವನು ಅವನೇ. ಬಂದವನು ನೇರ ಅಟ್ಟ ಹತ್ತಿದ.

ಆ ಬೆಳಿಗ್ಗೆ ನೀಲಾವತಿ ಓಣಿಯಲ್ಲಿ ಬರುತ್ತಿದ್ದಾಗ ತಲೆಯ ಮೇಲೆ ಕೊರೆಯುವ ಸದ್ದಾಯಿತು. ಮರದ ಹುಡಿ ಉದುರಿತು. ಮುಚ್ಚಿಗೆಯಲ್ಲಿ ನಾಲ್ಕಾಣೆಯಷ್ಟು ಅಗಲದ ತೂತು, ಅದರಿಂದ ಒಂದು ಸ್ವರ.

“ಕೆಳಗೆ ಯಾರಾದರೂ ಇದ್ದೀರಾ?”

“ಇದ್ದೇನೆ.”

“ದಾರ ಕಟ್ಟಿ ಒಂದು ಗುಂಡು ಕೆಳಗೆ ಬಿಡ್ತೇನೆ. ಅಳತೆ ನೋಡಬೇಕಿತ್ತು. ಕಣ್ಣು ಸರಿ ಇರುವವರು ಯಾರಾದರೂ ಇದ್ದರೆ ಸ್ವಲ್ಪ ಕರೀತೀರಾ?”

ಅಂದರೆ ಸುದ್ದಿ ಮಿಜಾರಿನವರೆಗೂ ಹೋಗಿದೆ.

“ಕಣ್ಣು ಸರಿ ಇಲ್ಲದವಳೇ ಇರುವುದು,” ಎಂದಳು ನೀಲಾವತಿ. “ಎಂತ ನೋಡಬೇಕು, ಹೇಳಿ.”

ದಾರದ ತುದಿಯ ಕಬ್ಬಿಣದ ಗುಂಡು ಮೆಲ್ಲ ಮೆಲ್ಲನೆ, ತಪ್ಪೊಪ್ಪಿಕೊಳ್ಳುವಂತೆ ಇಳಿದು ಬಂತು. ಅವಳು ಚಾವಡಿಯಿಂದ ಟೇಪು ತಂದು ಹಿಡಿದಳು. ತೂತಿನಿಂದ ಬರುತ್ತಿದ್ದ ಎಳೆಯಷ್ಟು ಬೆಳಕೇ ಅವಳಿಗೆ ಸಾಕಾಯಿತು.

“ಗೋಡೆಯಿಂದ ಒಂದಡಿ ಏಳೂವರೆ ಇಂಚು. ಮತ್ತೆ, ನಿಮ್ಮ ದಾರದ ಒಂದು ಗಂಟು ಬಿಚ್ಚಿಕೊಳ್ತಾ ಉಂಟು. ಗುಂಡು ಯಾರ ತಲೆಗಾದರೂ ಬಿದ್ದೀತು.”

ಮೇಲಿನವನು ದಾರ ಎಳೆದುಕೊಂಡ. ಗಂಟನ್ನು ನೋಡಿರಬೇಕು. “ನನಗೇ ಕಾಣಲಿಲ್ಲ,” ಎಂದ. “ತಪ್ಪಾಯಿತು, ಅಕ್ಕ.”

“ಯಾವುದಕ್ಕೆ? ಗಂಟಿಗಾ, ಮಾತಿಗಾ?”

“ಎರಡಕ್ಕೂ.”

“ಹಾಗಾದರೆ ಅಕ್ಕ ಅಂತ ಕರೆದದ್ದಕ್ಕೂ ಸೇರಿಸಿ ಹೇಳಿಬಿಡಿ,” ಎಂದು ಅವಳು ಅಡುಗೆಮನೆಗೆ ನಡೆದಳು. ಮೇಲೆ ಯಾರೋ ಒಬ್ಬನೇ ನಗುವುದು ಹದಿನೆಂಟು ಹೆಜ್ಜೆಯೂ ಕೇಳಿಸುತ್ತಿತ್ತು.

ಅಟ್ಟದೊಳಗೆ ಒಂದು ಮರದ ಗೂಡು ಇಳಿಸುವುದು ಅವನ ಉಪಾಯ. ಮೇಲೆ ನಾಲ್ಕು ಗಾಜಿನ ಹಂಚು, ಕೆಳಗೆ ಮುಚ್ಚಿಗೆಯಲ್ಲಿ ಚೌಕದ ಬಾಯಿ, ನಡುವೆ ಬಾವಿಯಂಥ ಪೆಟ್ಟಿಗೆ. ಪೆಟ್ಟಿಗೆಯ ಒಳಮೈಗೆ ಬಿಸ್ಕೆಟ್ ಡಬ್ಬಿಗಳನ್ನು ಕತ್ತರಿಸಿ ಬಿಡಿಸಿದ ತಗಡು. ಬೆಳಕು ಅಟ್ಟದ ಮಸಿಯಲ್ಲಿ ಕಳೆದುಹೋಗದೆ ತಗಡಿನಿಂದ ತಗಡಿಗೆ ಹಾರಿಕೊಂಡು ಕೆಳಗಿಳಿಯಬೇಕು. ಗೋಡೆಗೆ ನೀಲಿ ಬೆರೆಸಿದ ಸುಣ್ಣ. ಕೆಂಪು ಕಾವಿ ನೆಲಕ್ಕೆ ತೆಂಗಿನೆಣ್ಣೆ ಹಾಕಿ ತಿಕ್ಕುವುದು ಸೇಸತ್ತೆಯ ಪಾಲು.

ದಿನ ಹೋದಂತೆ ತೂತು ದೊಡ್ಡದಾಯಿತು. ಮೊದಲ ದಿನ ಮಾತು ಮಾತ್ರ ಇಳಿಯುವಷ್ಟು. ಮೂರನೆಯ ದಿನ ಒಂದು ಕಣ್ಣು ಮತ್ತು ಮಸಿ ಹತ್ತಿದ ಅರ್ಧ ಹುಬ್ಬು. ಐದನೆಯ ದಿನ ಕೈ. ಉದ್ದ ಬೆರಳು, ಹೆಬ್ಬೆರಳಲ್ಲಿ ಹಳೆಯ ಉಳಿ ಗಾಯ. ಆ ಕೈಗೆ ಅವಳು ಸ್ಟೂಲು ಹತ್ತಿ ಚಹಾ ಕೊಟ್ಟಳು. ಏಳನೆಯ ದಿನ ಪೂರ್ತಿ ಮುಖ ಕಂಡಿತು. ತಲೆಕೆಳಗಾಗಿ.

“ಎಂತ ನೋಡ್ತಾ ಇದ್ದೀರಿ?” ಎಂದಿತು ಆ ಮುಖ.

“ತುಂಡು ತುಂಡಾಗಿ ನೋಡಿದ್ದೆಲ್ಲ ಒಬ್ಬರದ್ದೇ ಹೌದಾ ಅಂತ ನೋಡ್ತಾ ಇದ್ದೇನೆ.”

“ಹೌದಾ?”

“ಹುಬ್ಬು ಹೌದು. ಮೂಗು ನಾನು ಎಣಿಸಿದ್ದಕ್ಕಿಂತ ಸ್ವಲ್ಪ ಉದ್ದ ಉಂಟು.”

ಅವನು ತಲೆ ಎಳೆದುಕೊಂಡ. ಆ ದಿನವೆಲ್ಲ ಮರ ಹೆರೆಯುವ ಅವನ ಚೀಪುಳಿ ಎಂದಿಗಿಂತ ಹಗುರಾಗಿ ಓಡಿತು. ಚಾವಡಿಯಲ್ಲಿ ಊದುಕೊಳವೆ ಹಿಡಿದು ಕೂತಿದ್ದ ಆಚಾರ್ಯರಿಗೂ ಅದು ಕೇಳಿಸಿರಬೇಕು. ಒಮ್ಮೆ ತಲೆ ಎತ್ತಿ ಅಟ್ಟದ ಕಡೆ ನೋಡಿ ಮತ್ತೆ ಬೆಂಕಿಗೆ ಊದಿದರು.

ಎಂಟನೆಯ ದಿನ ಸುದ್ದಿ ಬಂತು. ಗುರುವಾಯನಕೆರೆಯಿಂದ ಒಂದು ಸಂಬಂಧ. ಹುಡುಗ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಭಾನುವಾರ ನಾಲ್ಕು ಗಂಟೆಗೆ ನೋಡಲು ಬರುತ್ತಾರೆ. ಅಷ್ಟರೊಳಗೆ ಓಣಿ ಆಗಲೇಬೇಕೆಂದು ಆಚಾರ್ಯರು ಅಟ್ಟದ ಏಣಿಯ ಬುಡದಲ್ಲಿ ನಿಂತು ಹೇಳಿದರು. ಆಗ್ತದೆ ಎಂದು ಮೇಲಿನಿಂದ ಉತ್ತರ ಬಂತು. ಚೀಪುಳಿಯ ಸದ್ದು ಮಾತ್ರ ಆಮೇಲೆ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಅವನು ಕೇಳಿದ. “ಗಾಜಿನ ಹಂಚನ್ನು ಪಡುಗಡೆಯ ಇಳಿಜಾರಿಗೆ ಇಡಲಾ? ನಾಲ್ಕು ಗಂಟೆಗೆ ಒಳ್ಳೆ ಬೆಳಕು ಬೀಳ್ತದೆ.”

ನೀಲಾವತಿ ಕರಿಮಣಿ ಪೋಣಿಸುವುದನ್ನು ಬಿಟ್ಟು ಬಂದು ತೂತಿನ ಕೆಳಗೆ ನಿಂತಳು. “ನಾನು ಈ ಓಣಿಯಲ್ಲಿ ಬೆಳಿಗ್ಗೆ ಆರಕ್ಕೆ ನಡೀತೇನೆ. ಮಧ್ಯಾಹ್ನ ಅಪ್ಪನಿಗೆ ಊಟ ತರ್ತೇನೆ. ಒಂದು ದಿನ ನಾಲ್ಕು ಗಂಟೆಗೆ ಬಂದು ಹೋಗುವವರಿಗೆ ಯಾಕೆ ಬೆಳಕು? ದಿನಾ ನಡೆಯುವವಳಿಗೆ ಇಡಿ.”

ಎರಡು ಹಂಚನ್ನು ಮೂಡುಗಡೆಗೂ ಎರಡನ್ನು ಪಡುಗಡೆಗೂ ಇಡುವುದಕ್ಕಾಗಿ ಅವನು ಪೆಟ್ಟಿಗೆಯ ಅರ್ಧ ಭಾಗ ಬಿಚ್ಚಿ ಹೊಸದಾಗಿ ಕಟ್ಟಿದ. ಯಾಕೆ ತಡ ಎಂದು ಸೇಸತ್ತೆ ಬೈದಾಗ ಮಾಡಿನ ಜಂತಿ ಓರೆ ಉಂಟು ಎಂದ.

ಶನಿವಾರ ಮಧ್ಯಾಹ್ನ ಕೊನೆಯ ಹಂಚು ಕೂತಿತು. ನೂರು ವರ್ಷದ ಕತ್ತಲೆ ಒಂದು ಉಸಿರಿನಷ್ಟು ಹೊತ್ತಿನಲ್ಲಿ ಹೋಯಿತು. ಕಾವಿ ನೆಲದ ಮೇಲೆ ಬೆಳಕಿನ ಚೌಕ ಬಿದ್ದು ಗೋಡೆಗಳಿಗೆ ಹರಡಿ ಅಡುಗೆಮನೆಯ ಹೊಸ್ತಿಲವರೆಗೂ ಹೋಯಿತು. ನೀಲಾವತಿ ಚೌಕದ ನಡುವೆ ನಿಂತು ತಲೆ ಎತ್ತಿದಳು. ಕಣ್ಣು ಮುದುಡಲಿಲ್ಲ. ಪೆಟ್ಟಿಗೆಯ ಅಂಚಿನಿಂದ ಅವನು ಕೆಳಗೆ ನೋಡುತ್ತಿದ್ದ.

“ಸಾಕಾ?”

“ಸಾಕು. ಚಂದ ಆಗಿದೆ.”

“ಹೆಚ್ಚಾದರೆ ಹೇಳಿ. ನಾಳೆ ಒಂದು ದಿನದ ಮಟ್ಟಿಗೆ ಮುಚ್ಚಿಗೆಯ ಬಾಯಿಗೆ ಹಲಗೆ ಇಟ್ಟು ಹೋಗ್ತೇನೆ.” ನಗುತ್ತಲೇ ಹೇಳಿದ. ನಗು ಕಣ್ಣಿನವರೆಗೆ ಏರಲಿಲ್ಲ. ಅವಳಿಗೆ ಅದು ಕಂಡಿತು.

“ಇಡಬೇಡಿ,” ಎಂದಳು. “ನಾಳೆ ನನಗೆ ಸರಿಯಾಗಿ ನೋಡಬೇಕು.”

ಅವನು ಇಳಿದು ಕೈ ತೊಳೆದು ಉಳಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡ. ಸೇಸತ್ತೆ ತಂದ ಚಹಾ ಆರುತ್ತಾ ಕೂತಿತು. ಐದು ಗಂಟೆಯ ಬಸ್ಸು ಸಿಕ್ಕಬೇಕು ಎಂದು ಹೋದ. ಅವನ ಬಸ್ಸು ಆರೂವರೆಗೆ ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಭಾನುವಾರ ನೀಲಾವತಿ ಸ್ಟೀಲಿನ ಟ್ರೇಯಲ್ಲಿ ಕಾಫಿ ಹಿಡಿದು ಓಣಿಯಲ್ಲಿ ನಡೆದು ಬಂದಳು. ಬೆಳಕಿನಿಂದ ಬೆಳಕಿಗೆ ದಾಟಿದಳು. ಕಣ್ಣು ಅರಳಿಯೇ ಇತ್ತು. ಆದರೂ ಹುಡುಗನ ಸೋದರಮಾವನಿಗೆ ಸಂಶಯ ಹೋಗಲಿಲ್ಲ. “ಮಗಳೇ, ಅಲ್ಲಿಂದಲೇ ಆ ಗೋಡೆಯ ಕ್ಯಾಲೆಂಡರ್ ಸ್ವಲ್ಪ ಓದು ನೋಡುವ,” ಎಂದರು.

ಅವಳು ಇದ್ದಲ್ಲಿಂದಲೇ ವಾರ ಓದಿದಳು, ತಿಥಿ ಓದಿದಳು, ರಾಹುಕಾಲ ಓದಿದಳು, ತಳದಲ್ಲಿ ಇರುವೆಯಷ್ಟು ಸಣ್ಣದಾಗಿ ಅಚ್ಚಾಗಿದ್ದ ಪ್ರೆಸ್ಸಿನ ಹೆಸರನ್ನೂ ಓದಿದಳು. “ನಿಮ್ಮ ಅಂಗಿಯ ಎರಡನೆಯ ಗುಂಡಿಯ ನೂಲು ಸಡಿಲ ಉಂಟು,” ಎಂದೂ ಸೇರಿಸಿದಳು. ಸೋದರಮಾವ ಗುಂಡಿ ಮುಟ್ಟಿ ನೋಡಿಕೊಂಡರು. ಎಲ್ಲರೂ ನಕ್ಕರು. ಗುಮಾಸ್ತ ಹುಡುಗನೂ ನಕ್ಕ. ಸಾಧು ಮುಖ, ಕೆಟ್ಟವನಲ್ಲ. ಒಪ್ಪಿಗೆ ಉಂಟು ಎಂದು ಹೇಳಿಯೇ ಎದ್ದರು.

ಅವರು ಹೋದ ಮೇಲೆ ಆಚಾರ್ಯರು ಬಹಳ ದಿನದ ನಂತರ ಕಾಲು ಚಾಚಿ ಕೂತರು. “ಇನ್ನು ಚಿಂತೆ ಇಲ್ಲ,” ಎಂದರು.

“ಅಪ್ಪ, ನನಗೆ ಬೇಡ,” ಎಂದಳು ನೀಲಾವತಿ. ಸ್ವರ ಏರಿಸಲಿಲ್ಲ, ಇಳಿಸಲೂ ಇಲ್ಲ. “ಮೂರು ಸಲ ಅವರು ನೋಡಿ ಬೇಡ ಅಂದರು. ನಾನು ಸುಮ್ಮನಿದ್ದೆ. ಈ ಸಲ ನಾನೂ ನೋಡಿದೆ. ಹುಡುಗ ಒಳ್ಳೆಯವರೇ. ನನ್ನವರಲ್ಲ.”

“ಮತ್ತೆ ಯಾರು?”

ಅವಳು ತಲೆ ತಗ್ಗಿಸಲಿಲ್ಲ. ಓಣಿಯ ಕಡೆ ನೋಡಿದಳು. ಸಂಜೆಯ ಬೆಳಕು ಅಲ್ಲಿ ಇನ್ನೂ ಉಳಿದಿತ್ತು.

ಆಚಾರ್ಯರು ಆ ರಾತ್ರಿ ಅರ್ಧ ಊಟಕ್ಕೇ ಎದ್ದರು. ಚಿನ್ನದ ಕೆಲಸದವರ ಮನೆಯಿಂದ ಮರದ ಕೆಲಸದವರ ಮನೆಗೆ ಹೆಣ್ಣು ಕೊಟ್ಟದ್ದು ಅವರ ಕಡೆ ಇರಲಿಲ್ಲ. ಬೆಳಿಗ್ಗೆ ಸ್ನಾನಕ್ಕೂ ಮೊದಲು ಅವರು ಟಾರ್ಚು ಹಿಡಿದು, ಕೆಲಸದ ಕಣ್ಣುಗಾಜನ್ನು ಜೇಬಿಗೆ ಹಾಕಿಕೊಂಡು ಅಟ್ಟ ಹತ್ತಿದರು. ಅರ್ಧ ಗಂಟೆ ಮೇಲೆಯೇ ಇದ್ದರು. ಕೆಳಗೆ ನೀಲಾವತಿ ಬೆಳಕಿನ ಚೌಕದ ಅಂಚಿನಲ್ಲಿ ನಿಂತು ಕಾದಳು.

ಇಳಿದಾಗ ಅವರ ಮೈಯೆಲ್ಲ ಮಸಿ.

“ಪೆಟ್ಟಿಗೆಗೆ ಒಂದೇ ಒಂದು ಮೊಳೆ ಹೊಡೆದಿಲ್ಲ ಅವನು,” ಎಂದರು, ಯಾರಿಗೂ ಅಲ್ಲ ಎಂಬಂತೆ. “ಬೆರಳಿಗೆ ಬೆರಳು ಹೆಣೆದ ಹಾಗೆ ಮರಕ್ಕೆ ಮರ ಕೂರಿಸಿದ್ದಾನೆ. ಗಾಜು ಇಟ್ಟು ನೋಡಿದೆ. ಕೂದಲು ಹೋಗುವಷ್ಟು ಸಂದು ಇಲ್ಲ. ಯಾರೂ ನೋಡದ ಜಾಗದಲ್ಲಿ ಇಷ್ಟು ಯಾಕೆ ಮಾಡಿದನೋ.” ಆಮೇಲೆ ಕಂಕುಳಿನಿಂದ ಒಂದು ಹಲಗೆ ತೆಗೆದರು. “ಇದು ಪೆಟ್ಟಿಗೆಯ ಪಕ್ಕದಲ್ಲಿತ್ತು. ಎಂತದಕ್ಕೆ ಅಂತ ಗೊತ್ತಾಗಲಿಲ್ಲ.”

ಹಲಸಿನ ಹಲಗೆ. ನಯವಾಗಿ ಚೀಪುಳಿ ಹೊಡೆದದ್ದು. ಎತ್ತಲು ಅನುಕೂಲವಾಗಲೆಂದು ಎರಡು ಬದಿಯಲ್ಲೂ ಬೆರಳು ತೂರುವಷ್ಟು ತೂತು. ನೀಲಾವತಿ ಅದನ್ನು ನೆಲದ ಬೆಳಕಿನ ಮೇಲೆ ಇಟ್ಟಳು, ತಲೆ ಎತ್ತಿ ಮುಚ್ಚಿಗೆಯ ಬಾಯಿ ನೋಡಿದಳು. ಅವಳಿಗೆ ಟೇಪು ಬೇಕಾಗಲಿಲ್ಲ. ಕೂದಲಿನಷ್ಟೂ ಹೆಚ್ಚು ಕಡಿಮೆ ಇಲ್ಲದ ಅಳತೆ.

ತಮಾಷೆಗೆ ಹೇಳುವವನು ಹಲಗೆ ಕೊಯ್ದು ಇಟ್ಟಿರುವುದಿಲ್ಲ. ಓಣಿ ಮತ್ತೆ ಕತ್ತಲಾಗಲಿ, ಬಂದವರು ಬೇಡ ಎನ್ನಲಿ ಎಂದೇ ಕೊಯ್ದಿದ್ದ. ಅವಳು ಬೇಡ ಎಂದ ಮೇಲೆ ಮುಚ್ಚದೆ ಪಕ್ಕಕ್ಕೆ ಇಟ್ಟು ಹೋಗಿದ್ದ.

“ಎಂತದಕ್ಕೆ ಅದು?” ಕೇಳಿದರು ಅಪ್ಪ.

“ನನಗೆ ಗೊತ್ತುಂಟು,” ಎಂದು ಅವಳು ಹಲಗೆಯನ್ನು ಎದೆಗೆ ಒತ್ತಿ ಹಿಡಿದು ಅಡುಗೆಮನೆಗೆ ನಡೆದಳು. ಆಚಾರ್ಯರು ಮಗಳು ಹೋದ ದಾರಿಯನ್ನೇ ನೋಡಿದರು. ಅವಳ ಮುಖ ಓಣಿಯ ಆ ತುದಿಯವರೆಗೂ ಕಾಣುತ್ತಿತ್ತು. ಹಿಂದೆ ಕಾಣುತ್ತಿರಲಿಲ್ಲ.

“ಅಕ್ಕ,” ಎಂದು ಕೂಗಿದರು. “ಮೂಡುಬಿದಿರೆಗೆ ಸಿದ್ಧಕಟ್ಟೆ ದಾರಿಯ ಬಸ್ಸು ಎಷ್ಟು ಗಂಟೆಗೆ?”

ಹೋಗಿ ಬಂದ ಕಥೆಯನ್ನು ಸೇಸತ್ತೆ ನೀಲಾವತಿಗೆ ನಾಲ್ಕು ಸಲ ಹೇಳಿದರು. “ನಿನ್ನ ಅಪ್ಪ ವಿಷಯ ತೆಗೆದದ್ದೇ, ಹುಡುಗನ ಕೈಯಿಂದ ಉಳಿ ಬಿತ್ತು. ಅವನ ಅಮ್ಮ ಪ್ರೇಮಾವತಿ ಹೇಳಿದರು, ಅಣ್ಣ, ಇದು ಹೂಂ ಅಂತ ಲೆಕ್ಕ. ಶನಿವಾರದಿಂದ ಇವನು ಅನ್ನದ ಬಟ್ಟಲಿನ ಎದುರು ಕೂತು ಮಾಡು ನೋಡ್ತಾನೆ ಅಂತ.”

ಮುಂದಿನ ಭಾನುವಾರ, ಅದೇ ಚಾವಡಿ, ಅದೇ ನಾಲ್ಕು ಗಂಟೆ. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೃಷ್ಣಕುಮಾರ ಬೆಂಚಿನ ತುದಿಯಲ್ಲಿ ಕೂತಿದ್ದ, ಇನ್ನೊಬ್ಬರು ಮಾಡಿದ ಬೆಂಚು ಎಷ್ಟು ತಡೆದೀತೆಂದು ನಂಬಿಕೆ ಇಲ್ಲದವನಂತೆ. ಪಕ್ಕದಲ್ಲಿ ಪ್ರೇಮಾವತಿ. ಓಣಿಯಲ್ಲಿ ಬಳೆಯ ಸದ್ದಾಯಿತು. ತಾನೇ ಇಳಿಸಿದ ಬೆಳಕಿನ ಕೆಳಗೆ, ಮಾವಿನ ತಳಿರಿನ ಬಣ್ಣದ ಸೀರೆಯಲ್ಲಿ ಅವಳು ನಡೆದು ಬರುವುದನ್ನು ಅವನು ಮೊದಲ ಹೆಜ್ಜೆಯಿಂದಲೇ ಕಂಡ. ಹಣೆ ಕಂಡ, ನಗು ಅಡಗಿಸಿದ ತುಟಿ ಕಂಡ. ಅವಳು ಎದುರು ಬಂದು ಬಾಗಿದಾಗ ಕಾಫಿಯ ಗ್ಲಾಸುಗಳ ಅಡಿಯಲ್ಲಿದ್ದುದನ್ನೂ ಕಂಡ.

ಸ್ಟೀಲಿನ ಟ್ರೇ ಅಲ್ಲ. ಹಲಸಿನ ಹಲಗೆ, ಎರಡು ಬದಿಯ ತೂತಿನಲ್ಲಿ ಅವಳ ಬೆರಳು.

ಅವನ ಕೈ ಗ್ಲಾಸಿನವರೆಗೆ ಹೋಗಿ ನಿಂತಿತು. ಕಣ್ಣು ಮುದುಡಿತು, ಮಿನುಗಿತು.

“ಎಂತ ಆಯ್ತು ಮಾರಾಯ, ಕಾಫಿ ತೆಗೊ,” ಎಂದರು ಪ್ರೇಮಾವತಿ.

“ಅಪ್ಪ,” ಎಂದಳು ನೀಲಾವತಿ, ಬಹಳ ಗಂಭೀರವಾಗಿ. “ಹುಡುಗನ ಕಣ್ಣಿನಲ್ಲಿ ನೀರು ಬರ್ತಾ ಉಂಟು. ದೋಷ ಏನಾದರೂ ಉಂಟಾ ಅಂತ ಒಮ್ಮೆ ವಿಚಾರಿಸಿ.”

ಆಚಾರ್ಯರು ನಕ್ಕದ್ದನ್ನು ಪೇಟೆಯವರು ಪಕ್ಕದ ಬಾವಾ ಅವರ ಅಂಗಡಿಯಿಂದಲೇ ಕೇಳಿದರು.

“ದೋಷ ಇಲ್ಲ,” ಎಂದ ಕೃಷ್ಣಕುಮಾರ. “ಒಂದು ವಾರ ಕತ್ತಲೆಯಲ್ಲಿದ್ದೆ. ಒಮ್ಮೆಗೇ ಬೆಳಕಿಗೆ ಬಂದದ್ದು, ಅಷ್ಟೆ.”

ಅವಳು ಇನ್ನಷ್ಟು ಬಾಗಿ, ಅವನಿಗೆ ಮಾತ್ರ ಕೇಳುವ ಹಾಗೆ ಹೇಳಿದಳು. “ಹಲಗೆ ನಿಮ್ಮದು. ವಾಪಸು ಬೇಕಾ?”

ಅವನು ಗ್ಲಾಸು ತೆಗೆದುಕೊಂಡ. ಈ ಸಲ ನಗು ಕಣ್ಣಿನವರೆಗೂ ಏರಿತು.

“ಬೇಕು,” ಎಂದ. “ಮಿಜಾರಿಗೆ ನೀವೇ ತನ್ನಿ.”