ಅರ್ಧ ಭಾಷಣಕ್ಕೆ ಪೂರ್ತಿ ಅಂಕ

ಆ ಬುಧವಾರ ಸಂಜೆ ಸೆಮಿನಾರ್ ಹಾಲಿನ ಮೇಜಿನ ಮೇಲಿದ್ದ ಪುಟ್ಟ ಹಿತ್ತಾಳೆ ಗಂಟೆ ಒಂದೇ ಒಂದು ನಿಮಿಷ ತಡವಾಗಿ ಬಾರಿಸಿದ್ದರೆ, ಭೂಮಿ ಹುಟ್ಟಿದಂದಿನಿಂದ ಯಾರೂ ಮಾಡಿರದಷ್ಟು ಅಚ್ಚುಕಟ್ಟಾದ ಪ್ರೇಮನಿವೇದನೆಯೊಂದು ನಡೆದುಹೋಗುತ್ತಿತ್ತು. ಅದು ಸರಿಯಾದ ಸಮಯಕ್ಕೆ ಬಾರಿಸಿತು. ಅನಾಹುತವಾದದ್ದೇ ಅಲ್ಲಿ.

ನಿವೇದಿಸಲು ಹೊರಟವನು ಫಿಸಿಕ್ಸ್ ಲೆಕ್ಚರರ್. ಹುಡುಗರು ಇಟ್ಟ ಹೆಸರು ಸೈಲೆಂಟ್ ಸರ್. ಅವನ ದನಿ ಎಷ್ಟು ಸಣ್ಣದೆಂದರೆ, ಅವನು ಸೀನಿದರೆ ಪಕ್ಕದಲ್ಲಿದ್ದವರು ಯಾರೋ ಪುಸ್ತಕದ ಹಾಳೆ ತಿರುವಿದರು ಅಂದುಕೊಳ್ಳುತ್ತಿದ್ದರು. ಬೋರ್ಡಿನ ಕಡೆ ಮುಖ ಮಾಡಿಯೇ ವರ್ಷವಿಡೀ ಪಾಠ ಮಾಡುತ್ತಿದ್ದ. ಆ ಬೋರ್ಡನ್ನು ಪರೀಕ್ಷೆಗೆ ಕೂರಿಸಿದ್ದರೆ ಖಂಡಿತ ರ‍್ಯಾಂಕ್ ಬರುತ್ತಿತ್ತು. ಹುಡುಗರಿಗೆ ಮಾತ್ರ ಏನೂ ಕೇಳಿಸುತ್ತಿರಲಿಲ್ಲ.

ಅವನ ಅಮ್ಮನಾದರೋ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗಿ ಕೂಗಿ ರಿಟೈರ್ ಆದವಳು. ಆಕೆ ಅಡುಗೆಮನೆಯಲ್ಲಿ ಮಾತಾಡಿದರೆ ಪಕ್ಕದ ಬೀದಿಯವರು ಬ್ಯಾಗು ಹಿಡಿದು ಎದ್ದು ನಿಲ್ಲುತ್ತಿದ್ದರು. "ನನ್ನ ಗಂಟಲು ನಿನಗೆ ಬರ್ಲಿಲ್ಲ, ಅಪ್ಪನ ಮೂಗು ಮಾತ್ರ ಬಂತು" ಎಂದು ಮಗನನ್ನು ನೋಡಿದಾಗಲೆಲ್ಲ ಕೊರಗುತ್ತಿದ್ದಳು.

ಕೊನೆಗೆ ಹುಡುಗರು ಪ್ರಿನ್ಸಿಪಾಲರ ಬಳಿ ಹೋಗಿ ಅತ್ತರು. ಪ್ರಿನ್ಸಿಪಾಲರು ಅವನನ್ನು ಕರೆದು, ಈ ಟರ್ಮ್ ಪೂರ್ತಿ ಭಾಷಣ ಕಲೆಯ ಕ್ಲಾಸಿನಲ್ಲಿ ಹುಡುಗರ ಜೊತೆಯಲ್ಲೇ ಕೂರಬೇಕೆಂದು ಆಜ್ಞೆ ಮಾಡಿದರು.

ಆ ಕ್ಲಾಸು ತೆಗೆದುಕೊಳ್ಳುತ್ತಿದ್ದವಳು ಊರಿಂದೂರಿಗೆ, ಕಾಲೇಜಿಂದ ಕಾಲೇಜಿಗೆ ಹೋಗಿ ಒಂದೊಂದು ಟರ್ಮ್ ಮಾತಾಡುವುದನ್ನು ಕಲಿಸುವ ಟೀಚರ್. ಗಂಟೆ ಮೇಡಂ ಅಂತಲೇ ಖ್ಯಾತಿ. ಯಾರೇ ಆಗಲಿ, ಮೂರು ನಿಮಿಷವಾಯಿತೋ ಗಂಟೆ ಬಡಿದಳು ಅಂತಲೇ ಲೆಕ್ಕ. ಕಾಲೇಜಿನ ಅಧ್ಯಕ್ಷರನ್ನೇ "ಕೊನೆಯದಾಗಿ ಒಂದು ಮಾತು" ಎನ್ನುವಾಗ ಬಡಿದು ಕೂರಿಸಿದ್ದಳು. ಆ ಕೊನೆಯ ಮಾತು ಇವತ್ತಿಗೂ ಅವರ ಹೊಟ್ಟೆಯಲ್ಲೇ ಇದೆ. ಅವಳ ಪಿಸುಮಾತು ಕೂಡ ಕೊನೆಯ ಬೆಂಚಿಗೆ ಅಕ್ಷರ ಬಿಡದೆ ತಲುಪುತ್ತಿತ್ತು. ಅಷ್ಟು ಪಳಗಿದ ಗಂಟಲು.

ಮೊದಲ ದಿನ ಅವನು ಎದ್ದು ನಿಂತು ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡ. ಪಕ್ಕದಲ್ಲಿ ಕೂತಿದ್ದವಳು ಅವನದೇ ಲ್ಯಾಬಿನ ಹುಡುಗಿ. ಬಾಯಿಗೆ ಬೀಗವಿಲ್ಲದ್ದರಿಂದ ಅವಳಿಗೆ ರೇಡಿಯೋ ಎಂದು ಹೆಸರು.

"ಸರ್, ಕೈ ಜೇಬಿಂದ ತೆಗೀರಿ. ಒಳಗೆ ಕಪ್ಪೆ ಇಟ್ಕೊಂಡವರ ಥರ ಕಾಣ್ತೀರ" ಎಂದು ಅವಳು ಧೈರ್ಯ ತುಂಬಿದಳು.

ಮೇಡಂ ನಗಲಿಲ್ಲ. ತುಟಿಯ ಒಂದು ತುದಿ ಮಾತ್ರ ಸ್ವಲ್ಪ ಮೇಲೆ ಹೋಗಿ, ತಪ್ಪಾಯಿತೆಂಬಂತೆ ಕೆಳಗಿಳಿಯಿತು. "ಎಲ್ಲರನ್ನೂ ನೋಡಬೇಡಿ ಸರ್, ಹೆದರಿಕೆ ಆಗುತ್ತೆ. ಒಂದು ಜೊತೆ ಕಣ್ಣು ಆರಿಸ್ಕೊಳ್ಳಿ. ಅವರಿಗೆ ಹೇಳಿ. ಮಿಕ್ಕವರು ಕದ್ದು ಕೇಳಿಸ್ಕೊಳ್ತಾರೆ."

ಅವನು ಆರಿಸಿಕೊಂಡ. ಹಾಲಿನಲ್ಲಿ ಅಷ್ಟೊಂದು ಕಣ್ಣುಗಳಿದ್ದವು. ಹೋಗಿ ಹೋಗಿ ಅವಳವನ್ನೇ ಆರಿಸಿಕೊಂಡ.

ಆಮೇಲೆ ಅವನ ಕಥೆ ಮುಗಿದಂತೆಯೇ. ವಾಕ್ಯದ ಬಾಲವನ್ನು ಅವನು ನುಂಗಿದರೆ ಅವಳ ಎಡ ಹುಬ್ಬು ಏರುತ್ತಿತ್ತು. ದನಿ ಎತ್ತಿದರೆ ಬೆರಳ ನಡುವಿನ ಪೆನ್ಸಿಲ್ ಕುಣಿಯುವುದನ್ನು ನಿಲ್ಲಿಸುತ್ತಿತ್ತು. ಆ ಪೆನ್ಸಿಲ್ಲನ್ನು ನಿಲ್ಲಿಸಲೆಂದೇ ಅವನು ರಾತ್ರಿ ಹಗಲು ಅಭ್ಯಾಸ ಮಾಡಿದ. ಸ್ನಾನದ ಮನೆಯಲ್ಲಿ ಅವನು ಮಾಡಿದ ಭಾಷಣಗಳನ್ನು ಕೇಳಿ ಗೋಡೆಯ ಸುಣ್ಣ ಉದುರಿತು ಎಂದರೆ ನಂಬಬೇಕು.

ಒಲಿಸುವ ಮಾತಿನ ಗುಟ್ಟನ್ನು ಅವಳು ಹೇಳಿಕೊಟ್ಟದ್ದು ಟರ್ಮಿನ ಕೊನೆಗೆ. "ಎದುರಿಗಿರೋರ ಮನಸ್ಸಲ್ಲಿ ಒಂದು 'ಬೇಡ' ಇದ್ದೇ ಇರುತ್ತೆ. ಅದನ್ನ ಮುಚ್ಚಿಡಬೇಡಿ. ಅವರಿಗಿಂತ ಚೆನ್ನಾಗಿ ನೀವೇ ಮೊದಲು ಹೇಳಿಬಿಡಿ. ನಂಬಿಕೆ ಬರುತ್ತೆ. ಆಮೇಲೆ ನಿಮ್ಮ 'ಬೇಕು' ಹೇಳಿ." ಕೊನೆಯ ಪರೀಕ್ಷೆಯೂ ಅದೇ. ನಿಜವಾದ ಒಬ್ಬ ವ್ಯಕ್ತಿಯ ಎದುರು ನಿಜವಾದ ಒಂದು ಬೇಡಿಕೆ ಇಡಬೇಕು. ಮೂರು ನಿಮಿಷ. ರೇಡಿಯೋ ಹಾಸ್ಟೆಲ್ ವಾರ್ಡನ್ನನ್ನು ಕರೆಸಿ, ಗೇಟು ಮುಚ್ಚುವ ಹೊತ್ತನ್ನು ಒಂದು ಗಂಟೆ ಮುಂದೂಡಿಸಿಕೊಂಡಳು. ವಾರ್ಡನ್ ಹೋಗುವಾಗ ಕಣ್ಣೊರೆಸಿಕೊಳ್ಳುತ್ತಿದ್ದರು.

ಬುಧವಾರ ಎಲ್ಲರದೂ ಮುಗಿದು ಸೆಮಿನಾರ್ ಹಾಲ್ ಖಾಲಿಯಾಯಿತು. ಅವನೊಬ್ಬ ಉಳಿದ. ಶನಿವಾರ ಬೆಳಿಗ್ಗೆ ಅವಳು ಬೇರೆ ಊರಿನ ಕಾಲೇಜಿಗೆ ಹೊರಡುವವಳಿದ್ದಳು. ಇವತ್ತಲ್ಲದಿದ್ದರೆ ಇನ್ನಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು.

"ನಿಮ್ಮ ಸ್ಪೀಚ್ ಯಾರಿಗೆ ಸರ್? ಪ್ರಿನ್ಸಿಪಾಲರನ್ನ ಕರೆಸಲಾ?"

"ಬೇಡ. ಅವರು... ಇಲ್ಲೇ ಇದ್ದಾರೆ."

ಅವಳು ತಿರುಗಿ ಖಾಲಿ ಬೆಂಚುಗಳನ್ನು ನೋಡಿದಳು. ಪೆನ್ಸಿಲ್ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲಿಲ್ಲ. "ಸರಿ. ಶುರು ಮಾಡಿ" ಎಂದು ಮುಂದಿನ ಬೆಂಚಿನ ತುದಿಯಲ್ಲಿ, ಮೇಜಿನ ಗಂಟೆ ಕೈಗೆಟಕುವಂತೆ ಕೂತಳು.

ಅವನು ಹೊಟ್ಟೆಯಿಂದ ಉಸಿರೆಳೆದುಕೊಂಡ. "ನೀವು ನನ್ನನ್ನ ಯಾಕೆ ಮದುವೆ ಆಗಬಾರದು ಅಂತ ಮೊದಲು ಹೇಳ್ತೀನಿ."

ಏನು ದನಿ ಬಂತು ಅಂತೀರಿ! ಕಿಟಕಿಯ ಗಾಜು ಜುಮ್ಮೆಂದಿತು. ಸೂರಿನಲ್ಲಿದ್ದ ಪಾರಿವಾಳಗಳು ಊರು ಬಿಟ್ಟವು.

"ಒಂದು, ನಮ್ಮಮ್ಮ. ನನ್ನ ಜೊತೆನೇ ಇರ್ತಾರೆ. ಬೇರೆಯವರು ತೊಳೆದಿಟ್ಟ ಲೋಟನ ಎದುರಿಗೇ ಮತ್ತೆ ತೊಳೀತಾರೆ. ಎರಡು, ನೀವು ಊರೂರು ತಿರುಗೋರು. ನನಗೆ ಬಸ್ ಹತ್ತಿದ್ರೆ ಮೊದಲನೇ ತಿರುವಿನಲ್ಲೇ ವಾಂತಿ. ಮೂರು, ಸಿಟ್ಟು ಬಂದ್ರೆ ನಾನು ದಿನಗಟ್ಟಲೆ ಮಾತು ಬಿಡ್ತೀನಿ..."

ಇದಕ್ಕೆಲ್ಲ ಒಂದು ನಿಮಿಷ, ಆಮೇಲೆ ಎರಡು ನಿಮಿಷ ಮನಸ್ಸಿನ ಮಾತು ಎಂದು ಅವನು ಲೆಕ್ಕ ಹಾಕಿಕೊಂಡಿದ್ದ. ಆದರೆ ತನ್ನ ಕುಂದುಗಳ ವಿಷಯದಲ್ಲಿ ಅವನಿಗಿದ್ದ ಪಾಂಡಿತ್ಯ ಫಿಸಿಕ್ಸಿನಲ್ಲೂ ಇರಲಿಲ್ಲ. ಒಂದನ್ನು ಎಳೆದರೆ ನಾಲ್ಕು ಬಂದವು. ಹಿಂದೊಮ್ಮೆ ಗೊತ್ತಾಗಿದ್ದ ಸಂಬಂಧವೊಂದು ಮುರಿದದ್ದನ್ನೂ ಹೇಳಿದ. "ಹುಡುಗ ಮನೇಲಿ ಇದ್ದಾನೋ ಇಲ್ವೋ ಅಂತಲೇ ಗೊತ್ತಾಗಲ್ಲ ಅಂದ್ರು ಅವರು. ಸುಳ್ಳಲ್ಲ ಮೇಡಂ. ಹೀಗಿರೋನ ಜೊತೆ ಯಾರಾದ್ರೂ ಬಾಳೋಕಾಗುತ್ತಾ? ಆದ್ರೂ..."

ಗಂಟೆ ಬಾರಿಸಿತು.

ಅವಳ ಕೈಗೆ ಅದೊಂದು ಅಭ್ಯಾಸ. ತಾನಾಗಿಯೇ ಹೋಗಿ ಗಂಟೆಯ ಮೇಲೆ ಬಿದ್ದಿತ್ತು.

"ಸಮಯ ಮುಗೀತು ಸರ್."

"ಮೇಡಂ, ಇನ್ನೂ ಇದೆ..."

"ಟೈಮ್ ಅಂದ್ರೆ ಟೈಮ್." ಅವಳು ಎದ್ದು ಬ್ಯಾಗಿನ ಜಿಪ್ ಎಳೆದಳು. ಅದು ಮೊದಲೇ ಮುಚ್ಚಿತ್ತು. "ಧ್ವನಿ ಚೆನ್ನಾಗಿತ್ತು. ಕಣ್ಣು ತಪ್ಪಿಸಲಿಲ್ಲ. ಪೂರ್ತಿ ಅಂಕ. ನಾನು ಬಾಯಿ ಬಿಟ್ಟು ಏನೂ ಕೇಳಿರ್ಲಿಲ್ಲ. ಆದ್ರೂ ನನ್ನ ಮುಖ ನೋಡಿ ಮನಸ್ಸಲ್ಲಿರೋದನ್ನ ಅರ್ಥ ಮಾಡ್ಕೊಂಡು, ಬೇಡ ಅನ್ನೋದನ್ನ ಇಷ್ಟು ಮರ್ಯಾದೆಯಾಗಿ ಹೇಳಿದ್ರಲ್ಲ, ಥ್ಯಾಂಕ್ಸ್. ನನಗೆ ಮನವರಿಕೆ ಆಯ್ತು."

ಸ್ವರ್ಗದ ಬಾಗಿಲು ತೆರೆದು, ಒಳಗಿನ ದೀಪ ತೋರಿಸಿ, ಮುಖದ ಮೇಲೇ ಮುಚ್ಚಿದರೆ ಹೇಗಿರುತ್ತದೆ? ಹಾಗಾಯಿತು ಅವನಿಗೆ. ಹಾಗಾದರೆ ಅವಳಿಗೂ...! ಕೂಗಬೇಕೆಂದು ಬಾಯಿ ತೆರೆದ. ಟರ್ಮ್ ಪೂರ್ತಿ ಕಲಿತದ್ದೆಲ್ಲ ಎಲ್ಲಿ ಹೋಯಿತೋ, ಮತ್ತೆ ಅದೇ ಹಾಳೆ ತಿರುವಿದ ಸದ್ದು. ಅವಳು ಬಾಗಿಲು ದಾಟಿದ್ದಳು. ಓಡಿ ಗೇಟಿಗೆ ಬರುವಷ್ಟರಲ್ಲಿ ಅವಳ ಬಸ್ಸು ತಿರುವಿನಲ್ಲಿತ್ತು.

ಮನೆಗೆ ಬಂದು ಅವಳಿಗೆ ಮೆಸೇಜ್ ಕಳಿಸಿದ. "ಮೇಡಂ, ನೀವು ಕೇಳಿದ್ದು ಅರ್ಧ ಮಾತ್ರ."

ಉತ್ತರ ಬರುವ ತನಕ ಫೋನನ್ನು ಕಾವಿಗೆ ಕೂತ ಕೋಳಿಯಂತೆ ಕಾದ. ಬಂತು.

"ಇನ್ನೂ ಅರ್ಧ ಕಾರಣ ಇದೆಯಾ? ಇಷ್ಟೇ ಸಾಕು ಸರ್. ನೋವಾಗುತ್ತೆ."

ಅವನು ಟೈಪ್ ಮಾಡಿದ, ಅಳಿಸಿದ. ಮತ್ತೆ ಮಾಡಿದ. ಏನು ಬರೆದರೂ ಕನಿಕರಕ್ಕೆ ಬರೆದಂತೆ ಕಂಡಿತು. ನೋಯಿಸಿದವನು ತೇಪೆ ಹಾಕಲು ಬಂದಂತೆ.

"ಏನೋ, ಮುಖ ಬಸ್ ತಪ್ಪಿಸ್ಕೊಂಡವರ ಥರ?" ಅಡುಗೆಮನೆಯಿಂದ ಅಮ್ಮನ ದನಿ ಸಿಡಿಯಿತು.

"ತಪ್ಪಿಸ್ಕೊಂಡೆ ಅಮ್ಮ."

"ಮುಂದಿನದು ಬರುತ್ತೆ ಬಿಡು."

"ಇರೋದು ಅದೊಂದೇ ಅಮ್ಮ."

ಅಮ್ಮ ಹೊರಗೆ ಬಂದು, ಕೈಯಲ್ಲಿದ್ದ ಲೋಟವನ್ನು ಮೂರನೇ ಸಲ ಒರೆಸುತ್ತಾ ಅವನ ಮುಖವನ್ನು ಓದಿದಳು. "ಹಾಗಾದ್ರೆ ಅಡ್ಡ ನಿಲ್ಲು. ಡ್ರೈವರ್ ಬಾಯಿಗೆ ಬಂದ ಹಾಗೆ ಬಯ್ತಾನೆ. ಆದ್ರೆ ನಿಲ್ಲಿಸ್ತಾನೆ. ಎಷ್ಟು ಜನರನ್ನ ನೋಡಿಲ್ಲ ನಾನು!"

ಗುರುವಾರ ಅವನು ಅಕ್ಷರಶಃ ಅಡ್ಡ ನಿಂತ. ಸ್ಟಾಫ್ ರೂಮಿನ ಕಿರಿದಾದ ಓಣಿಯಲ್ಲಿ, ಎರಡು ಬೀರುಗಳ ನಡುವೆ. ಅವಳು ಬಂದಳು. ಕಣ್ಣಿನ ಕೆಳಗೆ ತೆಳುವಾದ ನೆರಳು. ಅವನ ಎದೆ ಬಡಿದುಕೊಳ್ಳುವ ಸದ್ದು ಅವನ ದನಿಗಿಂತ ಜೋರಾಗಿತ್ತು.

"ಮೇಡಂ..."

ತಲೆಯ ಮೇಲಿನ ಫ್ಯಾನು ಆ ಮಾತನ್ನು ತಿಂದುಹಾಕಿತು.

"ದಾರಿ ಬಿಡಿ ಸರ್" ಎಂದಳು, ಅವನ ಅಂಗಿಯ ಗುಂಡಿಯನ್ನು ನೋಡುತ್ತಾ. ಅವನು ಬಿಟ್ಟ. ಬಿಟ್ಟುಬಿಟ್ಟ! ಇಂಥ ಮೃದು ಮನುಷ್ಯನನ್ನು ಮಾಡಿದ ದೇವರಿಗೆ ಏನನ್ನಬೇಕು?

ಶುಕ್ರವಾರ ಬಂತು. ಮಧ್ಯಾಹ್ನ ಅವನು ಡಾರ್ಕ್ ರೂಮಿನಲ್ಲಿ ಪ್ರಾಕ್ಟಿಕಲ್ ಮಾಡಿಸುತ್ತಿದ್ದ. ಕಿಟಕಿಗಳಿಗೆಲ್ಲ ಕಪ್ಪು ಪರದೆ. ಸೋಡಿಯಂ ದೀಪಗಳ ಹಳದಿ ಬೆಳಕು ಬಿಟ್ಟರೆ ಬೇರೇನಿಲ್ಲ. ಆ ಬೆಳಕಿನಲ್ಲಿ ಪ್ರಪಂಚದ ಬಣ್ಣಗಳೆಲ್ಲ ಸತ್ತು, ಹಳದಿ ಮತ್ತು ಕಪ್ಪು ಎರಡೇ ಉಳಿಯುತ್ತವೆ. ಹುಡುಗರು ಸ್ಪೆಕ್ಟ್ರೋಮೀಟರಿನ ಕೊಳವೆಯೊಳಗೆ ಒಂದು ಕಣ್ಣಿಟ್ಟು ಬೆಳಕಿನ ಗೆರೆ ಹುಡುಕುತ್ತಿದ್ದರು. ಅವನೂ ಹುಡುಕುತ್ತಿದ್ದ, ಏನನ್ನೆಂದು ಗೊತ್ತಿಲ್ಲದೆ.

ಬಾಗಿಲು ತೆರೆದು ಮುಚ್ಚಿತು. ಅವಳು. ನೀಲಿ ಸ್ವೆಟರ್ ಆ ಬೆಳಕಿನಲ್ಲಿ ಇದ್ದಿಲಿನಂತೆ ಕಪ್ಪಾಗಿತ್ತು. ಮುಖದಲ್ಲಿ ಏನಿದೆ ಎಂದು ತಿಳಿಯುವಂತಿರಲಿಲ್ಲ. ನೇರ ಬಂದು ಅವನ ಮೇಜಿನ ಆಚೆ ನಿಂತು, ಹುಡುಗರಿಗೆ ಕೇಳಿಸಬಾರದೆಂದು ಪಿಸುದನಿಯಲ್ಲಿ ಶುರು ಮಾಡಿದಳು.

"ಬೇಡ ಅನ್ನಿ ಸರ್. ನಿಮ್ಮಿಷ್ಟ. ಆದ್ರೆ ಈ ಕಾರಣಗಳಿಗೆ ಬೇಡ ಅನ್ನಬೇಡಿ. ಎರಡು ದಿನದಿಂದ ತಡ್ಕೊಂಡಿದ್ದೀನಿ. ಇಷ್ಟು ಸಡಿಲ ವಾದಕ್ಕೆ ಸೋತು ಬಸ್ ಹತ್ತೋಕೆ ನನ್ನ ಕೈಲಿ ಆಗಲ್ಲ."

ಪಳಗಿದ ಗಂಟಲೆಂದು ಮೊದಲೇ ಹೇಳಿದೆನಲ್ಲ, ಆ ಪಿಸುಮಾತು ನೆಟ್ಟಗೆ ಹೋಗಿ ಕೊನೆಯ ಮೇಜಿಗೆ ತಲುಪಿತು. ಹುಡುಗರು ಒಂದು ಕಣ್ಣು ಮುಚ್ಚಿಕೊಂಡೇ ಎರಡೂ ಕಿವಿ ತೆರೆದರು.

"ನಿಮ್ಮಮ್ಮ ಲೋಟ ಮತ್ತೆ ತೊಳೀತಾರೆ ಅಂದ್ರಿ. ನಾನು ಲೋಟ ತೊಳೆಯೋದೇ ಇಲ್ಲ. ಜಗಳ ಎಲ್ಲಿಂದ ಬರುತ್ತೆ? ಬಸ್ಸಲ್ಲಿ ವಾಂತಿ ಅಂದ್ರಿ. ಮುಂದಿನ ಸೀಟು, ತೆರೆದ ಕಿಟಕಿ, ಬಾಯಲ್ಲಿ ಒಂದು ಪೆಪ್ಪರ್‌ಮಿಂಟು. ಅಷ್ಟಕ್ಕೆ ಯಾರಾದ್ರೂ ಮದುವೆ ಬಿಡ್ತಾರಾ? ಸಿಟ್ಟು ಬಂದ್ರೆ ಮಾತಾಡಲ್ಲ ಅಂದ್ರಿ. ಸಿಟ್ಟು ಬರದೇ ಇದ್ದಾಗ ಮಹಾ ಏನು ಮಾತಾಡ್ತೀರಿ?"

ಯಾರೋ ಕಿಸಕ್ಕೆಂದರು.

"ಇನ್ನು ಆ ಮುರಿದ ಸಂಬಂಧ." ಅವಳ ದನಿ ಮೊದಲ ಸಲ ಅಲುಗಿತು. "ಹುಡುಗ ಇದ್ದಾನೋ ಇಲ್ವೋ ಗೊತ್ತಾಗಲ್ಲ ಅಂದ್ರಂತೆ ಅವರು. ನಿಮಗೆ ಜ್ವರ ಬಂದು ಕ್ಲಾಸಿಗೆ ಬರದೇ ಇದ್ರಲ್ಲ, ಆವತ್ತು ನಾನು ಯಾರಿಗೆ ಪಾಠ ಮಾಡಬೇಕು ಅಂತಲೇ ಗೊತ್ತಾಗದೆ ನಿಂತಿದ್ದೆ. ಹುಡುಗರನ್ನ ಕೇಳಿ. ಇರೋದೇ ಗೊತ್ತಾಗದ ಮನುಷ್ಯ ಇಲ್ಲದೇ ಇರೋದು ನನಗೆ ಹೇಗೆ ಗೊತ್ತಾಯ್ತು ಸರ್? ಹೇಳಿ. ಉಳಿದರ್ಧ ಕಾರಣ ಅದೇನಿದೆಯೋ ಅದನ್ನೂ ಹೇಳಿ. ಅದಕ್ಕೂ ಉತ್ತರ ಕೊಟ್ಟೇ ಹೋಗ್ತೀನಿ."

ದೀಪಗಳು ಸಣ್ಣಗೆ ಗುಂಯ್‌ಗುಟ್ಟುತ್ತಿದ್ದವು. ಈಗಲೂ ದನಿ ಬಾರದಿದ್ದರೆ ಜೀವಮಾನವಿಡೀ ಇದೇ ಕತ್ತಲೆ ಎಂದು ಅವನಿಗೆ ಹೊಳೆಯಿತು. ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದ.

"ಉಳಿದರ್ಧ ಕಾರಣ ಅಲ್ಲ ಮೇಡಂ. ನೀವೇ ಕಲಿಸಿದ್ದಲ್ವಾ, 'ಬೇಡ' ಮೊದಲು, 'ಬೇಕು' ಆಮೇಲೆ ಅಂತ? ನೀವು 'ಬೇಡ' ಮುಗಿಯೋ ಹೊತ್ತಿಗೆ ಗಂಟೆ ಬಾರಿಸಿಬಿಟ್ರಿ. 'ಬೇಕು' ಪೂರ್ತಿ ಒಳಗೇ ಉಳೀತು."

ಗಂಟೆ ಬಡಿದಿದ್ದ ಕೈಯನ್ನು ಅವಳು ಬೆನ್ನ ಹಿಂದೆ ಅಡಗಿಸಿಕೊಂಡಳು.

"ಈಗ ನನ್ನ ಪಾಯಿಂಟುಗಳನ್ನೆಲ್ಲ ನೀವೇ ಹೇಳಿಬಿಟ್ರಿ. ನನಗೆ ಉಳಿದಿರೋದು ಕೇಳೋದೊಂದೇ." ಇಲ್ಲಿ ಅವನ ದನಿ ಏರಿದ ಪರಿ ಇದೆಯಲ್ಲ, ಪಕ್ಕದ ಕೆಮಿಸ್ಟ್ರಿ ಲ್ಯಾಬಿನ ಗಾಜಿನ ನಳಿಗೆಗಳೆಲ್ಲ ಒಟ್ಟಿಗೆ ಕಿಣಿಗುಟ್ಟಿದವು. "ನನ್ನನ್ನ ಮದುವೆ ಆಗ್ತೀರಾ?"

ಅವಳು ಮೇಜನ್ನು ಬಳಸಿ ಈಚೆ ಬಂದಳು. ಹತ್ತಿರ, ಇನ್ನೂ ಹತ್ತಿರ. ಅವನ ಕಿವಿಯ ಬಳಿ ಬಾಗಿ, ಏನೋ ಹೇಳಿದಳು. ಜೀವನದಲ್ಲಿ ಮೊದಲ ಬಾರಿ, ಮೂರನೇ ಮನುಷ್ಯನಿಗೆ ಕೇಳಿಸದಷ್ಟು ಮೆಲ್ಲಗೆ.

"ಏನಂದ್ರು ಸರ್? ಏನಂದ್ರು?" ಹುಡುಗರು ಕುರ್ಚಿ ಉರುಳಿಸಿಕೊಂಡು ಎದ್ದರು.

ತಡೆಯಲಾರದೆ ರೇಡಿಯೋ ಓಡಿಹೋಗಿ ಕಿಟಕಿಯ ಕಪ್ಪು ಪರದೆಯನ್ನು ಒಂದೇ ಸಲಕ್ಕೆ ಎಳೆದಳು. ಬಿಸಿಲು ಒಳಗೆ ನುಗ್ಗಿತು. ಸ್ವೆಟರ್ ಮತ್ತೆ ನೀಲಿಯಾಯಿತು. ಅದರ ಮೇಲೆ, ಎರಡೂ ಕೈಗಳಿಂದ ಮುಚ್ಚಿಕೊಂಡರೂ ಮುಚ್ಚಲಾಗದೆ, ಅವಳ ಮುಖ ಕುತ್ತಿಗೆಯವರೆಗೂ ಕೆಂಪಾಗಿತ್ತು. ಆಮೇಲೆ ಯಾರೂ ಏನೂ ಕೇಳಲಿಲ್ಲ.