ಅಕ್ಕನ ಅಂಗೈ

ಮಧ್ಯಾಹ್ನ ಬಟ್ಟೆ ಮಡಚುತ್ತಲೇ ಕಂಪ್ಯೂಟರ್ ಪರದೆಯ ಮೂಲೆಯ ಅಂಕಿಯ ಮೇಲೆ ಕಣ್ಣಿಟ್ಟಿದ್ದೆ. ಎಂಬತ್ತೆಂಟು ಡಿಗ್ರಿ, ತೊಂಬತ್ತು, ತೊಂಬತ್ತೊಂದು.

ಅದು ಅಕ್ಕ ತಾನೇ ಬಿಡಿಭಾಗ ತಂದು ಜೋಡಿಸಿದ ಯಂತ್ರ. ಪ್ರೊಸೆಸರನ್ನು ಅದರ ಮಿತಿಗಿಂತ ಜೋರಾಗಿ ಓಡಿಸಿ, ಇಡೀ ದಿನ ಹಿಡಿಯುವ ಕಟ್ಟಡದ ಚಿತ್ರಗಳನ್ನು ಊಟದ ಹೊತ್ತಿಗೇ ಮುಗಿಸುತ್ತಿದ್ದಳು. ಬಿಸಿ ಎಷ್ಟೆಂದು ತಿಳಿಯಲು ಅವಳಿಗೆ ಪರದೆ ಬೇಕಿರಲಿಲ್ಲ. ಪೆಟ್ಟಿಗೆಯ ಪಕ್ಕಕ್ಕೆ ಅಂಗೈ ಒತ್ತಿ, "ಎಂಬತ್ತೆರಡು. ಬೇಕಾದ್ರೆ ನೋಡ್ಕೋ, ಅನುಮಾನದ ಪಿಶಾಚಿ" ಅನ್ನುತ್ತಿದ್ದಳು. ಒಮ್ಮೆಯೂ ತಪ್ಪಲಿಲ್ಲ.

ಅವಳು ತೀರಿಕೊಂಡ ಮೇಲೆ ಆ ಚಿತ್ರಗಳ ಕೆಲಸ ನನ್ನ ಪಾಲಿಗೆ ಬಂತು. ತೊಂಬತ್ತೆರಡು ಮುಟ್ಟಿದೊಡನೆ ಅಂಕಿ ಸರ್ರನೆ ಎಪ್ಪತ್ತಕ್ಕೆ ಇಳಿಯುವುದನ್ನು ದಿನವೂ ನೋಡುತ್ತಿದ್ದೆ. ಅಂದೂ ಇಳಿಯಿತು. ಎದ್ದುಹೋಗಿ ಪೆಟ್ಟಿಗೆ ಮುಟ್ಟಿದೆ. ತಗಡು ಸುಡುತ್ತಿತ್ತು. ಅಂಗೈಯಗಲದ ಒಂದು ಜಾಗ ಮಾತ್ರ ತಣ್ಣಗಿತ್ತು.

ಅಷ್ಟರಲ್ಲಿ ಭಾವ ಕಳಿಸಿದ ರಿಪೇರಿಯವರು ಬಂದರು. ವೇಗ ಇಳಿಸಲೇಬೇಕೆಂದು ಭಾವನ ಹಟ. "ಅವಳಿದ್ದಾಗ ನಡೀತು. ಈಗ ಸುಟ್ಟುಹೋದ್ರೆ ಯಾರು ನೋಡೋರು?" ಎಂದಿದ್ದರು.

ರಿಪೇರಿಯವರು ಯಂತ್ರ ಆರಿಸಿ, ಪೆಟ್ಟಿಗೆ ಬಿಚ್ಚಿ, ಒಳಗೆ ಟಾರ್ಚ್ ಹಿಡಿದರು.

"ಮೇಡಂ, ಪ್ರೊಸೆಸರ್ ಮೇಲಿನ ಫ್ಯಾನ್ ನಿಂತು ತಿಂಗಳುಗಳೇ ಆಗಿವೆ. ರೆಕ್ಕೆ ಮೇಲೆ ಧೂಳು ನೋಡಿ. ಹೀಗಿದ್ರೆ ಇದು ಐದು ನಿಮಿಷವೂ ಓಡೋಕೆ ಸಾಧ್ಯವಿಲ್ಲ. ಹೊಸದು ಹಾಕಿ ಸ್ಪೀಡ್ ಇಳಿಸ್ಲಾ?"

"ನಾಳೆ ನಾನೇ ಫೋನ್ ಮಾಡ್ತೀನಿ" ಅಂದೆ.

ಅವರು ಹೋದ ಮೇಲೆ ಮತ್ತೆ ಚಾಲೂ ಮಾಡಿದೆ. ಫೋನ್ ಮಾಡುವ ಮನಸ್ಸು ನನಗಿರಲಿಲ್ಲ. ಭಾವನಿಗೂ ಹೇಳಲಿಲ್ಲ. ಅಂಕಿ ತೊಂಬತ್ತೆರಡು ಮುಟ್ಟಿತು, ಎಪ್ಪತ್ತಕ್ಕೆ ಇಳಿಯಿತು.